ಕಾರ್ಪೆಟ್ಟಿನ ಕಲೆ

ಬಿಸಿನೀರಿನ ಬಕೆಟ್ಟನ್ನು ನಜ್ಮಾ ಕಾಲಿನಿಂದಲೇ ದೂರ ತಳ್ಳಿದಳು.

"ಬಿಸಿನೀರು ಬ್ಯಾಡ್ರಿ ಸಾವಕಾರ್ರ. ಇದು ರಕ್ತದ ಕಲಿ. ಬಿಸಿ ತಾಗಿದ್ರ ಮತ್ತಷ್ಟು ಹಿಡ್ಕೊಂತೈತಿ."

ಬಸವಕಿರಣನ ಕೈಯಲ್ಲಿದ್ದ ಸೋಪಿನ ಪುಡಿಯ ಪೊಟ್ಟಣ ಹಾಗೇ ನಿಂತಿತು. ಅಮರಗೋಳದ ಅವನ ಮನೆಯ ಶೆಡ್ಡಿನಲ್ಲಿ, ತಂದೆ ಹತ್ತಿ ವ್ಯಾಪಾರದ ಒಳ್ಳೆಯ ದಿನಗಳಲ್ಲಿ ಕೊಂಡಿದ್ದ ಡಾಡ್ಜ್ ಕಾರು ಹೊಳೆಯುತ್ತಿತ್ತು. ಭಾನುವಾರ ಧಾರವಾಡದಲ್ಲಿ ಹಳೆಯ ಕಾರುಗಳ ಪ್ರದರ್ಶನ. ಬಣ್ಣ, ಗಾಜು, ಎಂಜಿನ್ನು ಎಲ್ಲ ಸಿದ್ಧವಾಗಿತ್ತು. ಉಳಿದದ್ದು ಹಿಂದಿನ ಸೀಟಿನ ಕಾಲಬಳಿಯ ಬೂದು ಬಣ್ಣದ ಉಣ್ಣೆಯ ಕಾರ್ಪೆಟ್ಟು. ಅದರ ನಡುವೆ ಊಟದ ತಾಟಿನಷ್ಟು ಅಗಲದ ಕಪ್ಪು ಕಲೆ.

"ಯಾರದ್ರಿ ಇದು?" ಎಂದು ನಜ್ಮಾ ಕೇಳಿದಳು.

"ನಮ್ಮ ಅಕ್ಕಂದು. ಸೌಂದರ್ಯಾ. ನಾ ಆಗ ಒಂಬತ್ತು ವರ್ಷದಾಂವ. ಮೆಟ್ಟಿಲಿಂದ ಬಿದ್ದು ತಲಿ ಒಡಕೊಂಡ್ಲು. ಅಪ್ಪ ಊರಾಗ ಇರಲಿಲ್ಲ. ಡ್ರೈವರ್‌ನ ಕರಕೊಂಡು ಅವ್ವ ಅಕಿನ್ನ ಹುಬ್ಬಳ್ಳಿ ದವಾಖಾನಿಗೆ ಒಯ್ಯಾಕತ್ತಿದ್ಲು. ಉಣಕಲ್ ಕೆರಿ ಹತ್ರ ಗಾಡಿ ಕೆಟ್ಟು ನಿಂತ್ತು. ಅವ್ವನ ತೊಡಿ ಮ್ಯಾಲನ ಹೋದ್ಲು." ಅವನು ಶೆಡ್ಡಿನ ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಅವ್ವ ದಿನಾ ಬಂದು ಇದರ ಮುಂದ ಕುಂದರ್ತಾಳ. ಕಲಿ ಹೋದ್ರ ಅಕಿಗೂ ನೆಮ್ಮದಿ. ಪೂರಾ ಹೋಗಬೇಕು ನೋಡ್ರಿ. ಹೋತಂದ್ರ ನನ್ನ ಗೆಳೆಯಾರ ಗಾಡಿ ಎಲ್ಲಾ ನಿಮ್ಮ ಕೈಗೇ ಬರ್ತಾವು."

ಹಳೇ ಹುಬ್ಬಳ್ಳಿಯ ನಜ್ಮಾ ಕಲೆ ತೆಗೆಯುವ ಈ ಕೆಲಸವನ್ನು ತಂದೆಯಿಂದ ಕಲಿತವಳು. ಅವಸರ ಅವಳ ಕೈಗೆ ಗೊತ್ತಿರಲಿಲ್ಲ. ಕಾರ್ಪೆಟ್ಟಿನ ಹಿಂಬದಿಯ ಸೆಣಬು ಮುಟ್ಟಿದರೆ ಪುಡಿಯಾಗುತ್ತಿತ್ತು. ತುಕ್ಕು ಹಿಡಿದ ಮೊಳೆಗಳನ್ನು ಒಂದೊಂದಾಗಿ ಬಿಡಿಸಿ, ಕಾರ್ಪೆಟ್ಟನ್ನು ಹಲಗೆಯ ಮೇಲೆ ಜಾರಿಸಿದಳು. ಮೇಲೆ ಸೊಳ್ಳೆಪರದೆಯ ತುಂಡು ಹಾಸಿ, ಅದರ ಮೂಲಕವೇ ವ್ಯಾಕ್ಯೂಮ್ ಕ್ಲೀನರಿನಿಂದ ಮೆಲ್ಲಗೆ ಧೂಳು ಎಳೆದಳು. ಆಮೇಲೆ ಅಂಟುವಾಳದ ಬರೀ ನೊರೆ, ಮೆತ್ತನೆಯ ಬ್ರಷ್ಷು, ಬಿಳಿ ಅರಿವೆ. ತಿಕ್ಕುವಂತಿಲ್ಲ, ಒತ್ತಿ ಹೀರಬೇಕು.

ಮೊದಲ ದಿನ ಸಂಜೆ ಬಸವಕಿರಣನ ತಾಯಿ ರತ್ನವ್ವ ಬಂದಳು. ಎಂಬತ್ತೈದರ ಮುದುಕಿ. ಹಣೆಯ ತುಂಬ ವಿಭೂತಿ, ಕೈಯಲ್ಲಿ ಕೋಲು. ಹಲಗೆಯ ಎದುರು ಕುರ್ಚಿ ಹಾಕಿಸಿಕೊಂಡು, ಕಲೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕುಳಿತಳು. ಅಳಲಿಲ್ಲ. ಇಷ್ಟು ವರ್ಷಕ್ಕೆ ಕಣ್ಣೀರು ಬತ್ತಿರಬೇಕು ಎಂದುಕೊಂಡಳು ನಜ್ಮಾ.

"ತಂಗಿ, ಧೂಳ ತಗಿ, ಬ್ಯಾಡ ಅನ್ನೂದಿಲ್ಲ. ಈ ಕಲಿ ಇರಲಿ."

"ಸಾವಕಾರ್ರು ಪೂರಾ ತಗೀರಿ ಅಂದಾರ್ರಿ ಅವ್ವಾರ."

"ಅಂವಗೇನ ತಿಳೀತೈತಿ. ಇದನ್ನ ನೋಡಿದ್ರ ನನಗ ಸಮಾಧಾನ. ನನ್ನ ಮಗಳು ಈ ಮನಿ ಬಿಟ್ಟು ಎಲ್ಲೂ ಹೋಗಲಿಲ್ಲ."

ನಜ್ಮಾಳ ಮಗಳು ಉಜ್ಮಾ ಏಳು ವರ್ಷದವಳಿದ್ದಾಗ ಡೆಂಗಿಯಿಂದ ತೀರಿಕೊಂಡಿದ್ದಳು. ಕೊನೆಯ ದಿನ ಹಾಕಿದ್ದ ಫ್ರಾಕು ಇನ್ನೂ ಟ್ರಂಕಿನಲ್ಲಿತ್ತು. ಊರವರ ಕಲೆಗಳನ್ನೆಲ್ಲ ತೆಗೆಯುವವಳು ಅದನ್ನು ಮಾತ್ರ ಒಮ್ಮೆಯೂ ಒಗೆದಿರಲಿಲ್ಲ. ಗಂಡನಿಗೂ ಹೇಳದಿದ್ದ ಆ ಮಾತನ್ನು ಅವಳು ಅಂದು ಮುದುಕಿಗೆ ಹೇಳಿದಳು. ರತ್ನವ್ವ ಅವಳ ತಲೆ ಸವರಿದಳು.

ಮೂರನೆಯ ದಿನ ಕಲೆಯ ಅಂಚು ಬಿಟ್ಟುಕೊಂಡಿತು. ತಣ್ಣೀರಲ್ಲಿ ನೆನೆದ ಅರಿವೆಗೆ ಕಂದು ಬಣ್ಣ ಇಳಿಯುತ್ತಿತ್ತು. ಇನ್ನೆರಡು ತಾಸು ಸಾಕಿತ್ತು. ನಜ್ಮಾ ಅರಿವೆಯನ್ನು ನೋಡಿದಳು, ಹಿಂಡಿದಳು, ಮಡಚಿ ಚೀಲಕ್ಕೆ ಹಾಕಿದಳು.

ಬಸವಕಿರಣನಿಗೆ ಅವಳು ಸುಳ್ಳು ಹೇಳಿದಳು. "ಕಲಿ ತಗಿಯಾಕ ಹೋದ್ರ ಎಳೀನ ಕಿತ್ತು ಬರ್ತಾವ್ರಿ. ಇದು ಹೋಗೂದಿಲ್ಲ."

ಅವನು ಬಗ್ಗಿ ನೋಡಿದ. ಸುತ್ತಲಿನ ಉಣ್ಣೆ ಹೊಸದರಂತೆ ಎದ್ದು ನಿಂತಿತ್ತು. ನಡುವೆ ಕಲೆ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು.

"ನಿಮ್ಮ ಹೆಸರು ಕೇಳಿ ಕರಸಿದ್ದೆ. ನಂದ ತಪ್ಪಾತು. ಮ್ಯಾಲೊಂದು ಹೊಸಾ ಮ್ಯಾಟ್ ಹಾಕ್ಕೊಂತೇನಿ. ಮತ್ತ ಈ ಕಡೆ ಬರಬ್ಯಾಡ್ರಿ. ನನ್ನ ಗೆಳೆಯಾರಿಗೂ ಹೇಳತೇನಿ."

ನಜ್ಮಾ ಕಾರ್ಪೆಟ್ಟನ್ನು ಅದರ ಜಾಗಕ್ಕೆ ಕೂರಿಸಿ, ಮೊಳೆ ಬಿಗಿದು, ಬ್ರಷ್ಷುಗಳನ್ನು ಒರೆಸಿಕೊಂಡಳು. ಕೆಲಸ ಹೋಗಿತ್ತು, ಹೆಸರೂ ಹೋಗಿತ್ತು. ಆದರೂ ಎದೆ ಹಗುರವಾಗಿತ್ತು.

ಅವನು ಒಳಗೆ ಹೋದ ಮೇಲೆ ರತ್ನವ್ವ ಕೋಲೂರಿಕೊಂಡು ಬಂದಳು. ಕಾರಿನ ಬಾಗಿಲು ತೆಗೆಸಿ ಹಿಂದಿನ ಸೀಟಿನಲ್ಲಿ ಕುಳಿತು, ನಜ್ಮಾಳನ್ನೂ ಪಕ್ಕಕ್ಕೆ ಕರೆದಳು.

"ಖರೇ ಹೇಳು. ಹೋಗ್ತಿತ್ತಿಲ್ಲೋ?"

"ಹೋಗ್ತಿತ್ತ್ರಿ."

"ಮತ್ತ್ಯಾಕ ಬಿಟ್ಟಿ?"

"ನೀವು ತಾಯಿ ಅದೀರಿ. ಅದಕ್ಕರಿ."

ಮುದುಕಿ ಅವಳ ಕೈ ಹಿಡಿದುಕೊಂಡಳು. ಒಣಗಿದ, ಬೆಚ್ಚಗಿನ ಕೈ.

"ನೀ ಒಬ್ಬಾಕಿ ತಿಳಕೊಂಡಿ. ಮನಿ ಮರ್ಯಾದಿ ತಾಯೀನ ಕಾಯಬೇಕು, ಗಂಡಸರ ಕೈಲಿ ಆಗೂದಿಲ್ಲ. ಮರುದಿನ ಮುಂಜಾನೆ ಸೌಂದರ್ಯಾ ಯಾವನೋ ಗ್ಯಾರೇಜಿನಾಂವನ ಜೋಡಿ ಓಡಿ ಹೋಗಾಕಿ ಇದ್ಲು. ಚೀಲಾ ತುಂಬಿ ಇಟ್ಟಿದ್ಲು. ನಾ ಆ ಚೀಲಾ ಕಸಗೊಳ್ಳಾಕ ಹೋದಾಗನ ಅಕಿ ಮೆಟ್ಟಿಲಿಂದ ಬಿದ್ದದ್ದು." ರತ್ನವ್ವ ಕಲೆಯ ಮೇಲೆ ಪಾದ ಚಾಚಿ ಆರಾಮವಾಗಿ ಒರಗಿಕೊಂಡಳು. "ನೀರು, ನೀರು ಅಂದ್ಲು. ಕೆರಿ ಎದುರಿಗೇ ಇತ್ತು."

ನಜ್ಮಾ ಕೈ ಎಳೆದುಕೊಳ್ಳಲು ನೋಡಿದಳು. ಮುದುಕಿಯ ಹಿಡಿತ ಸಡಿಲಾಗಲಿಲ್ಲ.

"ಗಾಡಿ ಕೆಟ್ಟಿರಲಿಲ್ಲ ತಂಗಿ. ಅಕಿ ಉಸಿರು ನಿಲ್ಲೂತನಕ ನಾನ ನಿಲ್ಲಿಸಿದ್ದೆ."