ಅಪ್ಪ ತಂದ ಸೌಂಡ್ ಕಾರ್ಡ್

ಸಿಲಿಕಾನ್ ಓಯಸಿಸ್‌ನ ನಮ್ಮ ಆಫೀಸಿನಲ್ಲಿ ಯಾರಾದರೂ ಹಳೆಯ ಕಂಪ್ಯೂಟರ್ ಬಿಚ್ಚಿದರೆ, ಬಿಸಿ ದೂಳಿನ ಆ ವಾಸನೆ ತಾಳಲಾರದೆ ನಾನು ಈಗಲೂ ಎದ್ದು ಹೊರಗೆ ಹೋಗುತ್ತೇನೆ.

ಅಲ್ ಮುರಕ್ಕಬಾತ್‌ನ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಅದೇ ವಾಸನೆ ತುಂಬಿತ್ತು. ಅಪ್ಪ ಅಬುಧಾಬಿಯಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸದಲ್ಲಿದ್ದರು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಅವರಿಗೆಂದೇ ನಾನು ಹಾಡಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಡುತ್ತಿದ್ದೆ. ಈಚೆಗೆ ಅವರದು ಒಂದೇ ದೂರು.

"ಇದರಲ್ಲಿ ನಿನ್ನ ಸ್ವರವೇ ಬರುವುದಿಲ್ಲ ಮಗಾ. ಸೌಂಡ್ ಕಾರ್ಡ್ ಹಾಳಾಗಿದೆ."

ಈಚೆಗೆ ಅಮ್ಮನೂ ಅವರ ಮುಖದೆದುರು ಬಂದು ನಿಂತೇ ಮಾತಾಡುತ್ತಿದ್ದಳು.

ಅಂದು ಅಪ್ಪ ಹೊಸ ಕಾರ್ಡ್ ತಂದಿದ್ದರು. ಕಾರ್ಡನ್ನು ಡಬ್ಬಿಗೆ ಬಿಗಿಯುವ ಅದರ ತಗಡಿನ ಪಟ್ಟಿ ನಮ್ಮ ಪುಟ್ಟ ಕಂಪ್ಯೂಟರಿಗೆ ಉದ್ದವಾಯಿತು. ಚಾಪೆಯ ಮೇಲೆ ಕೂತು ಪಟ್ಟಿ ಬಿಚ್ಚಿ, ಕಾರ್ಡಿನ ಜೊತೆಗೇ ಬಂದಿದ್ದ ಗಿಡ್ಡದ್ದನ್ನು ಹಾಕಿ, ಉಸಿರು ಬಿಗಿಹಿಡಿದು ಕಾರ್ಡನ್ನು ಒತ್ತಿ ಕೂರಿಸಿದರು.

"ಈಗ ಹಾಕು."

ಹಾಕಿದೆ. ನನ್ನ ಹಾಡಿಗೆ ಕಪಾಟಿನ ಗಾಜು ಅದುರಿತು. ಅಮ್ಮ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದಳು. ಅಪ್ಪ ಸ್ಪೀಕರಿಗೆ ಕಿವಿ ಹಚ್ಚಿದರು.

"ಇನ್ನೂ ಸ್ವಲ್ಪ ಜೋರು ಮಾಡು."

ಸ್ಪೀಕರಿನ ಗುಂಡಿ ಆಗಲೇ ಕೊನೆಯವರೆಗೆ ತಿರುಗಿತ್ತು. ಪಕ್ಕದ ಮನೆಯವರು ಗೋಡೆ ಬಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನನ್ನನ್ನೇ ನೋಡುತ್ತ, ಬೇಡವೆಂದು ತಲೆಯಾಡಿಸಿದಳು.

ಅಪ್ಪ ಮತ್ತೆ ಸ್ಕ್ರೂ ಬಿಚ್ಚತೊಡಗಿದ್ದರು.

"ಈ ಕಾರ್ಡೂ ಸರಿ ಇಲ್ಲ. ಸಂಜೆ ಬದಲಾಯಿಸಿ ತರ್ತೇನೆ," ಎಂದರು. "ಹಾಡು ಮಾತ್ರ ಅಳಿಸಬೇಡ, ಆಯ್ತಾ?"