ಹೊಸ ಸದಸ್ಯೆ

ಆರಜೂ ಆನ್‌ಲೈನ್ ಗುಂಪಿಗೆ ತನ್ನ ಹೆಸರು ಸೇರಿಸಿದ ಕೂಡಲೇ ಪರದೆಯ ಮೇಲೆ ಗಂಡ ಅಕೀಲನ ಪತ್ರ ಬಂತು. ಅವನು ತೀರಿಕೊಂಡು ನಾಲ್ಕು ತಿಂಗಳು ಹತ್ತು ದಿನವಾಗಿತ್ತು. ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ಇದ್ದತ್ ಮುಗಿಸಿ ಅವಳು ಮನೆಯಿಂದ ಹೊರಬಿದ್ದದ್ದು ಅದೇ ದಿನ, ನೇರವಾಗಿ ಜತ್ತ ಪೇಟೆಯ ಸೈಬರ್ ಕೆಫೆಗೆ.

"ಗಾಬರಿ ಆಗಬ್ಯಾಡ್ರಿ ಭಾಬಿ," ಎಂದ ಕೆಫೆಯ ರೇವಣ್ಣ. "ಹೊಸಬರು ಯಾರ ಬಂದ್ರೂ ಅವರಿಗೆ ಈ ಪತ್ರ ತಾನ ಹೋಗತೈತಿ. ಅಕೀಲಭಾಯಿ ಮೊದಲ ಬರದಿಟ್ಟಿದ್ರು. ಬಾಯಿ ಮುಚ್ಚಕೊಂಡು ಕುಂತವರನ್ನ ಅವರು ಬಿಡತಿದ್ದಿಲ್ಲ."

ಶೇರು ಕೊಳ್ಳುವವರ ಆ ಗುಂಪನ್ನು ಅಕೀಲನೇ ಈ ಕೆಫೆಯಲ್ಲಿ ಕೂತು ನಡೆಸುತ್ತಿದ್ದ. ಮುನ್ನೂರು ಸದಸ್ಯರಲ್ಲಿ ಅವನ ಮುಖ ಕಂಡವರು ಯಾರೂ ಇರಲಿಲ್ಲ. 'ಅಕೀಲಭಾಯಿ, ಎಲ್ಲಿದ್ದೀರಿ?' ಎಂದು ಅವರು ಇನ್ನೂ ಕೇಳುತ್ತಲೇ ಇದ್ದರು. ಅವನು ತೀರಿಕೊಂಡದ್ದನ್ನು ಅವರಿಗೆ ತಿಳಿಸಲೆಂದೇ ಅವಳು ಬಂದಿದ್ದಳು. ಆದರೆ ಆ ಮಾತನ್ನು ಈತನಕ ಅವಳು ಯಾರ ಮುಂದೆಯೂ ಆಡಿರಲಿಲ್ಲ.

ಇಂಗ್ಲಿಷ್ ಅಕ್ಷರಗಳಲ್ಲಿದ್ದ ಅವನ ಕನ್ನಡವನ್ನು ಬೆರಳಿಟ್ಟು ಓದಿದಳು. "ಬರ್ರಿ, ಕುಂದ್ರಿ. ಸುಮ್ಮನ ಓದಿ ಹೋಗಬ್ಯಾಡ್ರಿ. ತಪ್ಪಾದ್ರೂ ನಡೀತೈತಿ, ಒಂದು ಸಾಲು ಬರೀರಿ."

ಬದುಕಿದ್ದಾಗ ಅವನು ಅವಳಿಗೆ ಒಮ್ಮೆಯೂ 'ರೀ' ಅಂದವನಲ್ಲ.

"ಬರೀತೀನ್ರಿ," ಎಂದು ಅವಳು ಆ ಪತ್ರದ ಕೆಳಗೆ, ಗುಂಪಿನವರೆಲ್ಲ ಓದುವ ಹಾಗೆ ಬರೆದಳು. "ನೀವು ಹೋಗಿಬಿಟ್ರಿ ಅಂತ ಇವರಿಗೆ ನಾನ ಹೇಳಬೇಕಾಗೈತಿ."