ನಾಲ್ಕನೆಯ ಜೋಡಿ

ಶಾಕೀರಾ ದೋಣಿಸಮೇತ ಮೂರನೆಯ ಸಲ ಮಗುಚಿದಳು.

ಶಹಾಬುದ್ದೀನ ಹುಟ್ಟಿನ ಒಂದೇ ಎಳೆತಕ್ಕೆ ತನ್ನ ಕಯಾಕ್ ದೋಣಿ ತಿರುಗಿಸಿ ಅವಳ ಪಕ್ಕಕ್ಕೆ ಬಂದ. ವರದಾ ನದಿ ಕೆಂಪಗೆ ಉಕ್ಕುತ್ತಿತ್ತು. ಹಳದಿ ದೋಣಿಯ ತಳವಷ್ಟೇ ಮೇಲೆ ಕಾಣುತ್ತಿತ್ತು. ಅಂಚಿಗೆ ಕೈ ಹಾಕಿ, ಭುಜ ಕೊಟ್ಟು ಅದನ್ನು ನೆಟ್ಟಗೆ ಮಾಡಿದ. ಅವಳು ಮುಖದ ನೀರು ಒರೆಸಿಕೊಂಡಳು. ಕೆಮ್ಮಲಿಲ್ಲ. ಹುಟ್ಟನ್ನೂ ಕೈಬಿಟ್ಟಿರಲಿಲ್ಲ.

“ತಪ್ಪಾತ್ರಿ,” ಎಂದಳು.

ಮುಂದಿದ್ದ ಹಾನಗಲ್ಲಿನ ಶಂಕ್ರಪ್ಪ ತಿರುಗಿ ನೋಡಿ, ಈಕೆ ಮೀನಿಗಿಂತ ಜಾಸ್ತಿ ಹೊತ್ತು ನೀರೊಳಗೇ ಇರುತ್ತಾಳೆಂದು ಗೇಲಿ ಮಾಡಿದ. ಎಲ್ಲರೂ ನಕ್ಕರು. ಶಾಕೀರಾಳೂ ನಕ್ಕಳು. ಶಹಾಬುದ್ದೀನನಿಗೆ ನಗು ಬರಲಿಲ್ಲ. ಈ ಹುಡುಗಿ ಅವನ ಇಡೀ ದಿನವನ್ನು ಹಾಳು ಮಾಡುತ್ತಿದ್ದಳು.

ಆ ದಿನಕ್ಕೆ ಅವನದೇ ಒಂದು ಲೆಕ್ಕಾಚಾರವಿತ್ತು. ಮೂರು ಕಿಲೋಮೀಟರ್ ಕೆಳಗೆ ನದಿಗೆ ಅಡ್ಡ ಕಟ್ಟಿದ, ಎರಡು ಕಡೆ ಒಡೆದು ಗಂಡಿ ಬಿದ್ದ ಬಾಂದಾರ ಇದೆ. ಅದರ ಬಲಗಂಡಿಯಲ್ಲಿ ನೀರು ಕುಣಿಯುತ್ತದೆ, ಆದರೆ ದಾಟಿಸುತ್ತದೆ. ಎಡಗಂಡಿ ಒಳಗೆ ಎಳೆದುಕೊಂಡದ್ದನ್ನು ಹೊರಗೆ ಬಿಡುವುದಿಲ್ಲ. ದೋಣಿ ಕ್ಲಬ್ಬಿನವರು ಯಾರೂ ಅತ್ತ ಹೋಗುವುದಿಲ್ಲ. ಶಹಾಬುದ್ದೀನ ಇವತ್ತು ಹೋಗಲಿಕ್ಕಿದ್ದ. ಹಿಂತಿರುಗುವ ಮಾತಿರಲಿಲ್ಲ.

ಹೆಂಡತಿ ಮಹೆಕ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಸವಣೂರಿನ ಅವನ ಮನೆಗೆ ಹೊರಗಿನಿಂದ ಬೀಗ ಬೀಳುತ್ತಿತ್ತು, ಹೊರಗಿನಿಂದಲೇ ತೆರೆಯುತ್ತಿತ್ತು. ಒಳಗಿನಿಂದ ಬಾಗಿಲು ತೆರೆಯುವವರು ಯಾರೂ ಇರಲಿಲ್ಲ. ತನ್ನ ಅಂಗಡಿಗೆ ಗಿರಾಕಿ ಬಾರದ ದಿನ ಸಂಜೆಯವರೆಗೂ ಅವನ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಬೆಳಿಗ್ಗೆ ಹೊರಡುವಾಗ ನಾಲ್ಕು ಕೋಳಿಗಳನ್ನೂ ಪಕ್ಕದ ಮನೆಯ ನುಜಹತಳಿಗೆ ಕೊಟ್ಟಿದ್ದ. ಮೇವು ಹಾಕಲು ಇನ್ನು ಯಾವ ಜೀವವೂ ಉಳಿದಿರಲಿಲ್ಲ.

ಎರಡು ವರ್ಷದ ಮೇಲೆ ಅವನು ನದಿಗೆ ಬಂದಿದ್ದ. ಕ್ಲಬ್ಬಿನ ಅರ್ಧ ಮುಖಗಳು ಅವನಿಗೆ ಹೊಸವು. ಮುಖ್ಯಸ್ಥ ಜಗದೀಶ ಮಾತ್ರ ಹಳಬ, ಹಿರೇಕೆರೂರಿನವ. ದಡದಲ್ಲಿ ಶಹಾಬುದ್ದೀನ ತನ್ನ ಸ್ವಂತದ ಒಳ್ಳೆಯ ಹುಟ್ಟನ್ನು ಅವನ ಕೈಗಿಟ್ಟು, ಇದು ನಿಮ್ಮ ಹತ್ತಿರವೇ ಇರಲಿ, ನನಗೆ ಕ್ಲಬ್ಬಿನದು ಸಾಕು ಎಂದಿದ್ದ. ಜಗದೀಶ ಹುಟ್ಟನ್ನು ಹಿಡಿದು ಬಹಳ ಹೊತ್ತು ಅವನ ಮುಖ ನೋಡಿದ. ಆಮೇಲೆ ಜೋಡಿಗಳ ಪಟ್ಟಿ ತೆಗೆದು, ಬರೆದದ್ದನ್ನು ರಬ್ಬರಿನಿಂದ ಅಳಿಸಿ, ಮತ್ತೆ ಬರೆದ.

ಪಳಗಿದವರೊಬ್ಬರು, ಪಳಗದವರೊಬ್ಬರು. ಎಂಟು ದೋಣಿ, ನಾಲ್ಕು ಜೋಡಿ. ಶಹಾಬುದ್ದೀನನಿಗೆ ಶಾಕೀರಾ ಜೊತೆಯಾದಳು. ಶಿಗ್ಗಾಂವಿಯವಳು, ಇಪ್ಪತ್ತನಾಲ್ಕರ ಹುಡುಗಿ. ಹೊರಟ ಹತ್ತೇ ನಿಮಿಷಕ್ಕೆ ಮಗುಚಿದಳು.

ನಾಲ್ಕನೆಯ ಸಲ. ಐದನೆಯ ಸಲ. ಶಹಾಬುದ್ದೀನ ಸ್ವಲ್ಪ ಮುಂದೆ ಹೋದನೆಂದರೆ ಸಾಕು, ಹಿಂದೆ ದೊಪ್ಪನೆ ಸದ್ದು. ಬೈಯಬೇಕೆನಿಸಿತು. ಬೈದೂಬಿಟ್ಟ. ಸೊಂಟ ಸಡಿಲ ಬಿಡು, ನೀರಿನ ಜೊತೆ ಜಗಳ ಆಡಬೇಡ, ಅಲೆ ಬಂದರೆ ಅದರ ಕಡೆಗೇ ಬಾಗು ಎಂದೆಲ್ಲ ಹೇಳಿದ. ಹೇಳುತ್ತ ಹೇಳುತ್ತ ತನ್ನ ಧ್ವನಿ ತನಗೇ ಅಪರಿಚಿತ ಅನ್ನಿಸಿತು. ಒಂದೇ ಸಮ ಇಷ್ಟು ಮಾತಾಡಿ ಎಷ್ಟು ದಿನವಾಗಿತ್ತೋ. ಶಾಕೀರಾ ತಲೆಯಾಡಿಸಿದಳು. ಆರನೆಯ ಸಲ ಮಗುಚಿದಳು.

ಬಾಂದಾರ ಬಂತು. ಉಳಿದ ಮೂರೂ ಜೋಡಿಗಳು ಬಲಗಂಡಿಯಲ್ಲಿ ಇಳಿದು ಹೋದವು. ಕೆಳಗಿನ ದಡದಲ್ಲಿ ಜಗದೀಶ ಹಗ್ಗ ಹಿಡಿದು ನಿಂತದ್ದು ಕಾಣಿಸಿತು. ಬಲಗಡೆಗಲ್ಲ, ಎಡಕ್ಕೆ ಮುಖ ಮಾಡಿ ನಿಂತಿದ್ದ.

“ನೀ ಹೋಗು. ಹಿಂದ ಬರ್ತೇನಿ,” ಎಂದ ಶಹಾಬುದ್ದೀನ.

“ಬಿದ್ರ ಯಾರು ಎತ್ತೋರ್ರಿ?”

“ಕೆಳಗ ಜಗದೀಶ ಅದಾನ.”

“ಅವ್ರಿಗೆ ಅವ್ರ ಜೋಡಿ ಐತ್ರಿ. ನನಗ ನೀವ ಅದೀರಿ.”

ಅವನು ಅವಳನ್ನು ನೋಡಲಿಲ್ಲ. ದೋಣಿಯನ್ನು ಎಡಕ್ಕೆ ತಿರುಗಿಸಿದ. ನೀರು ತಾನಾಗಿಯೇ ಒಯ್ಯತೊಡಗಿತು. ಇನ್ನು ಹುಟ್ಟು ಹಾಕುವ ಕೆಲಸವೂ ಇರಲಿಲ್ಲ.

ಪಕ್ಕದಲ್ಲೇ ಸದ್ದಾಯಿತು. ಹಳದಿ ತಳ ಮೇಲಾಗಿ ಅವನನ್ನು ದಾಟಿ ಎಡಗಂಡಿಯ ಕಡೆಗೇ ತೇಲುತ್ತಿತ್ತು.

ಒಂದು, ಎರಡು, ಮೂರು. ಅವಳು ಹೊರಬರಲಿಲ್ಲ. ನಾಲ್ಕು. ಐದು.

ಹುಚ್ಚಿ, ಎಂದುಕೊಂಡ. ಕೈಗಳು ಅವನನ್ನು ಕೇಳದೆ ಕೆಲಸ ಶುರುಮಾಡಿದ್ದವು. ನಾಲ್ಕು ಎಳೆತಕ್ಕೆ ತಲುಪಿದ. ಅವಳ ದೋಣಿಯ ಹಗ್ಗ ಹಲ್ಲಲ್ಲಿ ಕಚ್ಚಿ, ಅಂಚನ್ನು ಎತ್ತಿ ತಿರುವಿದ. ಅವಳು ಮೇಲೆ ಬಂದಳು. ಎರಡು ದೋಣಿಗಳ ಭಾರ ಹೊತ್ತು ಪ್ರವಾಹಕ್ಕೆ ಅಡ್ಡಲಾಗಿ ಬಲಕ್ಕೆ ಜಗ್ಗಿದ. ಭುಜ ಕಿತ್ತು ಬರುವಂತಾಯಿತು. ಬಲಗಂಡಿ ಇಬ್ಬರನ್ನೂ ಒಟ್ಟಿಗೇ ಎತ್ತಿ ಕೆಳಗಿನ ಸಮನೀರಿಗೆ ಒಗೆಯಿತು.

“ಇಂಥಾ ನೀರಿಗೆ ಯಾಕ ಬರ್ತಿ ನೀ? ಸಾಯಾಕ?” ಏದುಸಿರಿನಲ್ಲಿ ಕೇಳಿದ.

ಶಾಕೀರಾ ಅವನನ್ನೇ ನೋಡಿದಳು. “ನೀವ್ರಿ?”

ಅವನು ತಲೆ ತಗ್ಗಿಸಿದ. ಆಮೇಲೆ, ಮಗುಚಿದ ದೋಣಿಯನ್ನು ಒಳಗೆ ಕೂತೇ ಎಬ್ಬಿಸುವುದನ್ನು ಮುಂದಿನ ಭಾನುವಾರ ಕಲಿಸುತ್ತೇನೆ, ತಪ್ಪಿಸಬೇಡ ಎಂದ. ಕಲಿಯದಿದ್ದರೆ ಈ ಹುಡುಗಿ ಉಳಿಯುವುದಿಲ್ಲ. ಅವಳನ್ನು ನೋಡಿಕೊಳ್ಳಲು ಬೇರೆ ಯಾರಿದ್ದಾರೆ?

“ಖರೇ ಬರ್ತೀರಿ?”

“ಬರ್ತೇನಿ.”

ಸಂಜೆ ದಡದಲ್ಲಿ ಚಹಾ ಆಯಿತು. ಎರಡು ವರ್ಷದಿಂದೀಚೆಗೆ ಕ್ಲಬ್ಬಿನಲ್ಲಿ ಹೊಸದೊಂದು ರೂಢಿ ಬಂದಿತ್ತು. ಟೆಂಪೊ ಹತ್ತುವ ಮೊದಲು ಜಗದೀಶ ಜೋಡಿಗಳನ್ನು ಕರೆಯುತ್ತಾನೆ. ಯಾರಿಗೆ ಹೊಣೆ ವಹಿಸಿದೆಯೋ ಅವರು ಎದ್ದು, ತಮ್ಮ ಕೈಗೆ ಒಪ್ಪಿಸಿದವರು ಹೇಗಿದ್ದಾರೆಂದು ಹೇಳಬೇಕು. ಶಂಕ್ರಪ್ಪ ಎದ್ದ. ಸಂಜಯ ಸುರಕ್ಷಿತ ಎಂದ. ಹೇಮಾ ಎದ್ದಳು. ಪೂಜಾ ಸುರಕ್ಷಿತ ಎಂದಳು. ಜಗದೀಶ ತನ್ನ ಜೋಡಿಯ ಫಯಾಜನ ಹೆಸರು ಹೇಳಿ ಗುರುತು ಹಾಕಿಕೊಂಡ.

“ನಾಲ್ಕನೇ ಜೋಡಿ,” ಎಂದು ಕರೆದ.

ಶಹಾಬುದ್ದೀನ ಚಹಾದ ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು ಏಳುವಷ್ಟರಲ್ಲಿ, ಪಕ್ಕದಲ್ಲಿದ್ದ ಶಾಕೀರಾ ಆಗಲೇ ಎದ್ದು ನಿಂತಿದ್ದಳು. ಜಗದೀಶ ನೋಡುತ್ತಿದ್ದದ್ದೂ ಅವಳನ್ನೇ.

“ಶಹಾಬುದ್ದೀನ ಅವ್ರು ಸುರಕ್ಷಿತ ಅದಾರ್ರಿ.”